ಘಾಟಿ ಇಳಿಯುವ ಪರ್ಫಾರ್ಮೆನ್ಸ್ ಕಾರಿಗೆ ಬ್ರೇಕು: ಯಾವುದು ಮೊದಲು, ಯಾವುದು ಆಮೇಲೆ

ಮಡಿಕೇರಿಯಿಂದ ಸಂಪಾಜೆಗೆ ಇಳಿದರೆ ಹೆಚ್ಚುಕಮ್ಮಿ ಒಂದು ಸಾವಿರ ಮೀಟರ್ ಕೆಳಗೆ ಬಂದಿರುತ್ತೀರಿ. ಲೆಕ್ಕ ಹಾಕಿ ನೋಡಿ. ಗಾಡಿ ತೂಕ ಎಷ್ಟೇ ಇರಲಿ, ಅಷ್ಟು ಎತ್ತರ ಇಳಿಯುವಾಗ ಕಳೆಯಬೇಕಾದ ಶಕ್ತಿ ಅಂದರೆ ನೂರು ಕಿಲೋಮೀಟರ್ ವೇಗದಲ್ಲಿರೋ ಗಾಡಿಯನ್ನು ಸುಮಾರು 25 ಸಲ ಪೂರ್ತಿ ನಿಲ್ಲಿಸಿದ ಹಾಗೆ. ಒಂದು ಪಾಲನ್ನು ಟೈರು, ಗಾಳಿ, ಎಂಜಿನ್ ತಿನ್ನುತ್ತವೆ. ಉಳಿದದ್ದೆಲ್ಲ ಶಾಖವಾಗಿ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೇ ಹೋಗಬೇಕು, ಬೇರೆ ದಾರಿ ಇಲ್ಲ. ನೀವು ವೇಗವಾಗಿ ಓಡಿಸಿದರೆ ಇದು ಇನ್ನೂ ಜಾಸ್ತಿ, ಯಾಕೆಂದರೆ ಪ್ರತಿ ತಿರುವಿಗೂ ವೇಗ ಏರಿಸಿ ಮತ್ತೆ ಇಳಿಸುತ್ತೀರಿ. 60ರಲ್ಲಿ ಹೋಗೋದಕ್ಕೂ 80ರಲ್ಲಿ ಹೋಗೋದಕ್ಕೂ ಬ್ರೇಕಿನ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತೆ.

ಇದು ಬಿಸಿಯ ಕಥೆ. ಕೊಡಗಿನಲ್ಲಿ ಇದರ ತದ್ವಿರುದ್ಧ ಕಥೆಯೂ ಇದೆ. ಜುಲೈ ತಿಂಗಳು, ಕಕ್ಕಡದ ಮಳೆ, ಬೆಳಿಗ್ಗೆ ಆರೂವರೆಗೆ ಮಂಜು ಮುಚ್ಚಿರುವಾಗ ತೋಟದ ಗೇಟಿನಿಂದ ಗಾಡಿ ಹೊರಗೆ ಬರುತ್ತೆ. ಡಿಸ್ಕ್ ತಣ್ಣಗಿದೆ, ಒದ್ದೆಯಾಗಿದೆ, ಮೇಲೆ ತೆಳ್ಳಗೆ ತುಕ್ಕು. ಮೊದಲನೇ ತಿರುವಿನಲ್ಲೇ ದನ ಅಡ್ಡ ಬರುತ್ತೆ. ಆ ಹೊತ್ತಲ್ಲೂ ಬ್ರೇಕು ಹಿಡಿಯಲೇಬೇಕು ಅಲ್ವಾ? ನಮ್ಮ ಊರಿನ ಬ್ರೇಕು ಈ ಎರಡೂ ಕೆಲಸ ಮಾಡಬೇಕು. ರೇಸ್ ಟ್ರ್ಯಾಕಿನವರು ಹೇಳಿದ್ದನ್ನು ಹಾಗೇ ತಂದು ಹಾಕಿದರೆ ಬಿಸಿಗೆ ಸರಿಯಾಗುತ್ತೆ, ತಣ್ಣಗಿರುವಾಗ ಕೈಕೊಡುತ್ತೆ. ಮುಂದೆ ಬರೆದಿರೋದೆಲ್ಲ ಈ ಒಂದು ಮಾತನ್ನು ಇಟ್ಟುಕೊಂಡೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಹಳ ಜನ ಶುರು ಮಾಡೋದೇ ದೊಡ್ಡ ಕೆಂಪು ಕ್ಯಾಲಿಪರಿನಿಂದ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗದಿಂದ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ್ದು. ಬ್ರೇಕ್ ಆಯಿಲ್ ಮೊದಲು, ಪ್ಯಾಡ್ ಎರಡನೇದು, ಟೈರು ಮೂರನೇದು. ಇಷ್ಟು ಸರಿಯಾಗಿ ಮಾಡಿದರೆ ರಸ್ತೆಯಲ್ಲಿ ಓಡುವ ಬಹುಪಾಲು ಗಾಡಿಗಳಿಗೆ ಮತ್ತೇನೂ ಬೇಕಾಗಲ್ಲ.

ಮೊದಲು ಇರೋದನ್ನು ನೋಡಿ

ಏನನ್ನೂ ಕೊಳ್ಳುವ ಮೊದಲು ನಾಲ್ಕೂ ಚಕ್ರ ಬಿಚ್ಚಿ ನೋಡಿ. ಪ್ಯಾಡಿನ ದಪ್ಪ ಎಷ್ಟಿದೆ? ಹೊಸದು ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಇರುತ್ತೆ. ಬಯಲುಸೀಮೆಯಲ್ಲಿ 3 ಮಿಲಿಮೀಟರಿಗೆ ಬಂದಾಗ ಬದಲಾಯಿಸುತ್ತಾರೆ. ಘಾಟಿಯಲ್ಲಿ ಓಡಾಡುವವರು 4ಕ್ಕೇ ಬದಲಾಯಿಸೋದು ಒಳ್ಳೇದು. ಪ್ಯಾಡ್ ತೆಳ್ಳಗಾದಷ್ಟೂ ಡಿಸ್ಕಿನ ಶಾಖ ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಆಯಿಲ್ಲಿಗೆ ಬೇಗ ದಾಟುತ್ತೆ. ಒಳಗಿನ ಪ್ಯಾಡು ಹೊರಗಿನದಕ್ಕಿಂತ ತುಂಬ ಸವೆದಿದ್ದರೆ ಅದು ಪ್ಯಾಡಿನ ದೋಷ ಅಲ್ಲ, ಬಹಳ ಸಲ ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ನು ಬಿಗಿದಿರುತ್ತೆ.

ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಅಚ್ಚು ಹಾಕಿರುತ್ತಾರೆ. ಮೈಕ್ರೋಮೀಟರಿನಲ್ಲಿ ಅಳೆಯಿರಿ. ಅಂಚಿನಲ್ಲಿ ಸವೆಯದೆ ಉಳಿದ ದಂಡೆ ಇರುತ್ತಲ್ಲ, ವರ್ನಿಯರ್ ಅದರ ಮೇಲೆ ಕೂತು ತಪ್ಪು ಲೆಕ್ಕ ಕೊಡುತ್ತೆ. ಆ ಅಂಕಿಗಿಂತ ಕೆಳಗೆ ಹೋಗಿದ್ದರೆ ಡಿಸ್ಕ್ ಬದಲಾಯಿಸಿ, ಲೇತಿಗೆ ಕೊಟ್ಟು ಇನ್ನೂ ತೆಳ್ಳಗೆ ಮಾಡಿಸಬೇಡಿ.

ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗಿದರೆ "ಡಿಸ್ಕ್ ಬೆಂಡಾಗಿದೆ" ಅಂತಾರೆ. ಬಹಳ ಸಲ ಡಿಸ್ಕ್ ಬೆಂಡಾಗಿರೋದೇ ಇಲ್ಲ. ಬಿಸಿ ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಒಂದೇ ಜಾಗದಲ್ಲಿ ಅಂಟಿಕೊಂಡು ಮೇಲ್ಮೈ ಏರುಪೇರಾಗಿರುತ್ತೆ. ಕೆಲವೊಮ್ಮೆ ಡಿಸ್ಕ್ ಕೂರುವ ಹಬ್ ಅನ್ನೋ ಭಾಗದ ಮೇಲಿನ ತುಕ್ಕನ್ನು ಉಜ್ಜದೆ ಹೊಸ ಡಿಸ್ಕ್ ಕೂರಿಸಿರುತ್ತಾರೆ, ಆ ಒಂದು ಚಕ್ಕೆ ತುಕ್ಕು ಸಾಕು ಡಿಸ್ಕು ಓರೆಯಾಗಿ ತಿರುಗೋಕೆ.

ಆಯಿಲ್: ಅತಿ ಅಗ್ಗದ, ಅತಿ ದೊಡ್ಡ ಸುಧಾರಣೆ

ಪೆಡಲಿನ ಒತ್ತಡವನ್ನು ಕ್ಯಾಲಿಪರಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತೆ. ರಬ್ಬರ್ ಹೋಸಿನ ಮೂಲಕವೂ ಒಳಗೆ ತೇವ ನುಸುಳುತ್ತೆ. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಇದು ಎಷ್ಟು ಬೇಗ ಆಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬ್ರೇಕ್ ಆಯಿಲ್ಲಿನ ದರ್ಜೆಯನ್ನು ಡಾಟ್ ಅಂತ ಗುರುತಿಸುತ್ತಾರೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ಅದೇ ಆಯಿಲ್ 3.7 ಶೇಕಡ ನೀರು ಕುಡಿದ ಮೇಲೆ ಕನಿಷ್ಠ 155 ಡಿಗ್ರಿ ಇದ್ದರೆ ಸಾಕು ಅಂತ ಅದೇ ನಿಯಮ ಹೇಳುತ್ತೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಕುದ್ದರೆ ಆವಿಯ ಗುಳ್ಳೆ ಬರುತ್ತೆ. ಆವಿ ಒತ್ತಿದರೆ ಕುಗ್ಗುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ, ಬ್ರೇಕ್ ಸಿಗಲ್ಲ.

ನನ್ನ ಸಲಹೆ: ಕಂಪನಿ ಎರಡು ವರ್ಷ ಅಂದಿದ್ದರೂ ನೀವು ವರ್ಷಕ್ಕೊಮ್ಮೆ ಬದಲಾಯಿಸಿ. ಮಳೆ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಸುಗ್ಗಿಯ ಪುತ್ತರಿ ಹಬ್ಬ ಬರೋದರೊಳಗೆ ಮಾಡಿಸಿದರೆ ಚೆನ್ನ. ಆ ವರ್ಷದ ತೇವವೆಲ್ಲ ಹೊರಗೆ ಹೋಗುತ್ತೆ, ಡಿಸೆಂಬರ್ ರಜೆಯ ಓಡಾಟಕ್ಕೆ ಹೊಸ ಆಯಿಲ್ ಇರುತ್ತೆ. ಗಾಡಿಯ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಿ, ಅಥವಾ ಡಾಟ್ 4 ಇದ್ದಲ್ಲಿ ಒಳ್ಳೆ ಡಾಟ್ 5.1. ಇವೆರಡೂ ಒಂದೇ ಜಾತಿ, ಬೆರೆತರೂ ತೊಂದರೆಯಿಲ್ಲ. ಡಾಟ್ 5 ಮಾತ್ರ ಬೇರೆ, ಅದು ಸಿಲಿಕೋನ್. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ತಿರುಗದೆ ನಿಂತು ಜಾರದ ಹಾಗೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಅದು ಬೇಡವೇ ಬೇಡ. ಹೆಸರಿನಲ್ಲಿ ಒಂದು ಚುಕ್ಕಿ ಒಂದರ ವ್ಯತ್ಯಾಸ ಅಷ್ಟೇ, ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಓದಿ. 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್‌ಗಳೂ ಸಿಗುತ್ತವೆ. ಅವನ್ನು ಇನ್ನೂ ಬೇಗ ಬೇಗ ಬದಲಾಯಿಸಬೇಕು, ದಿನಾ ಓಡಿಸುವ ಗಾಡಿಗೆ ನಾನು ಹೇಳಲ್ಲ.

ಬದಲಾಯಿಸುವ ಕ್ರಮ ಹೀಗೆ. ಇಬ್ಬರು ಬೇಕು. ಹಳೇ ಆಯಿಲನ್ನು ಸಿರಿಂಜಿನಿಂದ ಡಬ್ಬದಿಂದ ಎಳೆದು ಹೊಸದು ತುಂಬಿ. ಮ್ಯಾನುವಲ್‌ನಲ್ಲಿ ಯಾವ ಚಕ್ರ ಮೊದಲು ಅಂತ ಇದೆಯೋ ಅದೇ ಕ್ರಮದಲ್ಲಿ ಹೋಗಿ. ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಳಗಿನವರಿಗೆ "ಒತ್ತು" ಅನ್ನಿ, "ಹಿಡ್ಕೋ" ಅನ್ನಿ, ಆಗ ನಿಪ್ಪಲ್ ಸಡಿಲಿಸಿ, ಆಯಿಲ್ ಬಂದ ಮೇಲೆ ಮುಚ್ಚಿ, ಆಮೇಲೆ "ಬಿಡು". ಮುಚ್ಚುವ ಮೊದಲೇ ಕಾಲು ಬಿಟ್ಟರೆ ಗಾಳಿ ಒಳಗೆ ಹೋಗುತ್ತೆ. ಮೊದಲು ಪೈಪಿನಲ್ಲಿ ಕಪ್ಪು ಚಹಾದ ಬಣ್ಣದ್ದು ಬರುತ್ತೆ, ನಡುವೆ ಸಣ್ಣ ಸಣ್ಣ ಗುಳ್ಳೆ, ಆಮೇಲೆ ತಿಳಿ ಹಳದಿ. ಗುಳ್ಳೆ ನಿಂತು ಬಣ್ಣ ತಿಳಿಯಾದ ಮೇಲೂ ನಾಲ್ಕೈದು ಸಲ ಒತ್ತಿಸಿ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ಹಳೆ ಗಾಡಿಯಲ್ಲಿ ಪೆಡಲ್ ಯಾವತ್ತೂ ಹೋಗದ ಆಳಕ್ಕೆ ಹೋದರೆ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲು ಹರಿಯಬಹುದು. ಡಬ್ಬ ಖಾಲಿಯಾಗಲು ಮಾತ್ರ ಬಿಡಬೇಡಿ. ಗಾಳಿ ಎಬಿಎಸ್ ಯುನಿಟ್ಟಿಗೆ ಹೋದರೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸಿಯೇ ತೆಗೆಯಬೇಕಾಗುತ್ತೆ. ಪೇಂಟಿನ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ಕಿತ್ತು ಬರುತ್ತೆ.

ಪ್ಯಾಡ್ ಆರಿಸೋದು

ಕೊಡಗಿಗೆ ಇದೇ ಮುಖ್ಯ ನಿರ್ಧಾರ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಗಾಡಿ ಜೊತೆ ಬರುವ ಪ್ಯಾಡುಗಳಲ್ಲಿ ಬಹಳಷ್ಟು ತಣ್ಣಗಿರುವಾಗ ಚೆನ್ನಾಗಿ ಹಿಡಿಯುತ್ತವೆ, ಸದ್ದು ಮಾಡಲ್ಲ, ಧೂಳು ಕಮ್ಮಿ. ಒಂದೇ ಸಮ ಬಿಸಿಯಾದಾಗ ಸೋಲುತ್ತವೆ. ಪೂರ್ತಿ ರೇಸಿಂಗ್ ಪ್ಯಾಡು ಇದಕ್ಕೆ ಉಲ್ಟಾ. ಬಿಸಿ ಇದ್ದಷ್ಟೂ ಹಿಡಿತ, ತಣ್ಣಗಿದ್ದಾಗ ಪೆಡಲ್ ತುಳಿದರೂ ಗಾಡಿ ಜಾರಿದ ಹಾಗೆ ಮುಂದೆ ಹೋಗುತ್ತೆ, ಮಳೆಯಲ್ಲಂತೂ ಇನ್ನೂ ಕೆಟ್ಟದು. ತೋಟದಿಂದ ಹೊರಟು ಗೋಣಿಕೊಪ್ಪದ ಸಂತೆಗೆ ಹೋಗಿ ಬರುವ ಗಾಡಿಗೆ ಅದನ್ನು ಹಾಕಬೇಡಿ. ಯಾರು ಎಷ್ಟೇ ಹೊಗಳಿದರೂ ಬೇಡ.

ನಮಗೆ ಬೇಕಾದ್ದು ಇವೆರಡರ ನಡುವಿನದು. ಫಾಸ್ಟ್ ರೋಡ್ ಅಂತ ಕರೆಯುವ ದರ್ಜೆ. ಇಬಿಸಿ, ಫೆರೋಡೋ, ಬ್ರೆಂಬೋ ಇವರೆಲ್ಲರ ಪಟ್ಟಿಯಲ್ಲೂ ಇಂಥವು ಇವೆ. ಹೆಸರಿಗಿಂತ ಪ್ಯಾಡಿನ ಅಂಚಿನಲ್ಲಿ ಮುದ್ರಿಸಿರುವ ಎರಡು ಅಕ್ಷರ ನೋಡಿ. ಎಫ್‌ಎಫ್, ಜಿಜಿ ಅಂತ ಇರುತ್ತೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದು, ಎರಡನೇದು ತುಂಬ ಬಿಸಿಯಾದ ಮೇಲೆ. ಇ ಅಂದರೆ ಘರ್ಷಣೆಯ ಅಂಕಿ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡೂ ಅಕ್ಷರ ಒಂದೇ ಇದ್ದರೆ ಒಳ್ಳೇದು, ಮತ್ತು ಎರಡೂ ಎಫ್‌ಗಿಂತ ಕೆಳಗೆ ಇರಬಾರದು. ಇದು ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ, ಘರ್ಷಣೆಯ ಸುಳಿವು ಅಷ್ಟೇ. ಆದರೂ ಏನೂ ಬರೆಯದ ಪ್ಯಾಡಿಗಿಂತ ಮೇಲು. ಬೇರೆ ಬೇರೆ ಜಾತಿಯ ಪ್ಯಾಡನ್ನು ಎಡಕ್ಕೊಂದು ಬಲಕ್ಕೊಂದು ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಹಿಂದೆ ಮಾತ್ರ ಜಾಸ್ತಿ ಹಿಡಿಯುವ ಪ್ಯಾಡ್ ಹಾಕಿ ಮುಂದೆ ಕಂಪನಿಯದೇ ಬಿಡೋದು ಅದಕ್ಕಿಂತ ಅಪಾಯ, ಒದ್ದೆ ತಿರುವಿನಲ್ಲಿ ಹಿಂಭಾಗ ತಿರುಗಿಕೊಳ್ಳುತ್ತೆ.

ಹೊಸ ಗಾಡಿಗಳಲ್ಲಿ ಒಂದು ವಿಶೇಷ ಇದೆ. ವೋಕ್ಸ್‌ವ್ಯಾಗನ್, ಸ್ಕೋಡಾದ ಎಕ್ಸ್‌ಡಿಎಸ್‌ನಂಥ ವ್ಯವಸ್ಥೆ ಇದ್ದರೆ, ನೀವು ತಿರುವಿನಲ್ಲಿ ಆಕ್ಸಿಲರೇಟರ್ ತುಳಿಯುವಾಗಲೂ ಅದು ಒಳಬದಿಯ ಮುಂದಿನ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತಿರುತ್ತೆ. ಘಾಟಿ ಹತ್ತುವಾಗಲೂ ಮುಂದಿನ ಪ್ಯಾಡು ಬಿಸಿಯಾಗೋದು, ಬೇಗ ಸವೆಯೋದು ಇದರಿಂದಲೇ.

ಪ್ಯಾಡ್ ಹಾಕೋದು

ಸಮತಟ್ಟು ಜಾಗ ಬೇಕು. ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೇರೆ ಚಕ್ರಕ್ಕೆ ಕಲ್ಲು ಕೊಡಿ, ನಟ್ಟು ಅರ್ಧ ಸಡಿಲಿಸಿ, ಜಾಕ್ ಎತ್ತಿ, ಸ್ಟ್ಯಾಂಡ್ ಇಟ್ಟ ಮೇಲೇ ಚಕ್ರ ತೆಗೆಯಿರಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಕ್ಯಾಲಿಪರ್ ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರ್ ಗಾಳಿಯಲ್ಲಾಗಲಿ ಊದಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ.

ಈಗ ಸ್ಲೈಡ್ ಪಿನ್ನು. ನಮ್ಮ ಮಳೆಗೆ ಮೊದಲು ಬಲಿಯಾಗೋದು ಇದೇ. ರಬ್ಬರ್ ಬೂಟಿನಿಂದ ಪಿನ್ನನ್ನು ಎಳೆದು ನೋಡಿ. ಚೆನ್ನಾಗಿದ್ದರೆ ನುಣ್ಣಗೆ ಹೊರಗೆ ಬರುತ್ತೆ, ಬಿಟ್ಟರೆ ಗಾಳಿಯ ಒತ್ತಡಕ್ಕೆ ಸ್ವಲ್ಪ ಹಿಂದಕ್ಕೆ ಸರಿಯುತ್ತೆ. ಕೆಟ್ಟಿದ್ದರೆ ಗ್ರೀಸ್ ಕಂದು ಗೋಂದಿನ ಹಾಗೆ ಗಟ್ಟಿಯಾಗಿ, ಪಿನ್ನಿನ ನಡುವೆ ಉಂಗುರದ ಆಕಾರದಲ್ಲಿ ತುಕ್ಕು ಕೂತಿರುತ್ತೆ, ಬೂಟಿನಲ್ಲಿ ಒಂದು ಸಣ್ಣ ಬಿರುಕು ಇದ್ದೇ ಇರುತ್ತೆ. ತುಕ್ಕು ಹಿಡಿದ ಪಿನ್ನನ್ನು ಉಜ್ಜಿ ಮತ್ತೆ ಹಾಕೋದಕ್ಕಿಂತ ಹೊಸ ಪಿನ್ನು, ಹೊಸ ಬೂಟು ಹಾಕಿ. ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗಿಗೆ ಹಾಕುವ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ನು ಇನ್ನೂ ಬಿಗಿಯುತ್ತೆ.

ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಮೇಲೆ ಡಬ್ಬದಲ್ಲಿ ಆಯಿಲ್ ಉಕ್ಕದಂತೆ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಪಿಸ್ಟನ್ನನ್ನು ಸುಮ್ನೆ ಕ್ಲಾಂಪ್ ಹಾಕಿ ಒತ್ತಬೇಡಿ. ಮೊದಲು ಸರ್ವಿಸ್ ಮೋಡಿಗೆ ಹಾಕಬೇಕು, ಕೆಲವದರಲ್ಲಿ ಸ್ಕ್ರೀನಿನಲ್ಲೇ ಇರುತ್ತೆ, ಕೆಲವದಕ್ಕೆ ಸ್ಕ್ಯಾನರ್ ಬೇಕು. ಇಲ್ಲದಿದ್ದರೆ ಮೋಟಾರು ಹಾಳಾಗುತ್ತೆ. ಪ್ಯಾಡಿನ ಸೆನ್ಸರ್ ವೈರ್ ಇರುವ ಗಾಡಿಯಾದರೆ, ಎಚ್ಚರಿಕೆ ದೀಪ ಬಂದ ಮೇಲೆ ಆ ವೈರನ್ನೂ ಬದಲಾಯಿಸಬೇಕು. ಎಲ್ಲ ಜೋಡಿಸಿ ಟಾರ್ಕ್ ರೆಂಚಿನಲ್ಲಿ ಮ್ಯಾನುವಲ್ ಹೇಳಿದಷ್ಟೇ ಬಿಗಿಯಿರಿ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಇದನ್ನು ಮರೆತರೆ ಮೊದಲ ಸಲ ತುಳಿದಾಗ ಬ್ರೇಕ್ ಇರಲ್ಲ.

ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸೋದು

ಇದನ್ನು ಗ್ಯಾರೇಜಿನವರು ಸಾಮಾನ್ಯವಾಗಿ ಮಾಡಿಕೊಡಲ್ಲ, ನೀವೇ ಮಾಡಬೇಕು. ಘಾಟಿಯಲ್ಲಿ ಬೇಡ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆ ನೇರ ರಸ್ತೆ ಸಿಗುತ್ತೆ, ಬೆಳಗಿನ ಜಾವ ಹಿಂದೆ ಯಾರೂ ಇಲ್ಲದಾಗ ಹೋಗಿ. 60-70ರಿಂದ 15ರವರೆಗೆ ಮಧ್ಯಮ ಒತ್ತಡದಲ್ಲಿ ವೇಗ ಇಳಿಸಿ, ನಿಲ್ಲಿಸಬೇಡಿ, ಮತ್ತೆ ಏರಿಸಿ. ಎಂಟು ಹತ್ತು ಸಲ ಹೀಗೆ ಮಾಡಿ. ಸ್ವಲ್ಪ ವಾಸನೆ ಬರುತ್ತೆ, ಗಾಬರಿ ಬೇಡ. ಆಮೇಲೆ ಹತ್ತು ನಿಮಿಷ ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡಿ. ಪ್ಯಾಡ್ ಕಂಪನಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಟೈರು, ಹೋಸು, ಡಿಸ್ಕು, ದೊಡ್ಡ ಕಿಟ್ಟು

ಗಾಡಿಯನ್ನು ಕೊನೆಗೆ ನಿಲ್ಲಿಸೋದು ಟೈರು. ಎಬಿಎಸ್ ಕೆಲಸ ಮಾಡುವಷ್ಟು ಬ್ರೇಕ್ ನಿಮ್ಮ ಗಾಡಿಯಲ್ಲಿ ಈಗಾಗಲೇ ಇದ್ದರೆ, ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಒಂದು ಸಲದ ನಿಲುಗಡೆ ದೂರ ಕಮ್ಮಿಯಾಗಲ್ಲ. ಗಟ್ಟಿಯಾಗಿಹೋದ ಹಳೇ ಟೈರು ಬದಲಾಯಿಸಿದರೆ ಕಮ್ಮಿಯಾಗುತ್ತೆ. ದೊಡ್ಡ ಡಿಸ್ಕು ಕೊಡೋದು ಶಾಖ ತಡೆಯುವ ಶಕ್ತಿ, ಅಂದರೆ ಹತ್ತನೇ ಸಲವೂ ಮೊದಲನೇ ಸಲದ ಹಾಗೇ ಹಿಡಿಯೋದು.

ಸ್ಟೀಲ್ ಹೆಣಿಗೆಯ ಹೋಸು ಹಾಕಿದರೆ ಪೆಡಲ್ ಗಟ್ಟಿ ಅನಿಸುತ್ತೆ, ಹದ ಚೆನ್ನಾಗಿ ಸಿಗುತ್ತೆ. ನನಗಿಷ್ಟ, ಆದರೆ ಅಗತ್ಯ ಅಂತ ಹೇಳಲ್ಲ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರೋದನ್ನೇ ಕೊಳ್ಳಿ, ಇಲ್ಲವಾದರೆ ಕೆಸರಿನ ಕಣ ಹೆಣಿಗೆಯೊಳಗೆ ಸೇರಿ ಒಳಗಿನಿಂದ ಸವೆಸುತ್ತೆ. ತೂತು ಕೊರೆದ ಡಿಸ್ಕು ನೋಡೋಕೆ ಚೆಂದ, ಪದೇ ಪದೇ ಬಿಸಿಯಾದರೆ ತೂತಿನ ಸುತ್ತ ಬಿರುಕು ಬಿಡುತ್ತೆ. ಗೀರು ಹಾಕಿದ್ದು ಅಥವಾ ಪೂರ್ತಿ ನುಣುಪಾದ ವೆಂಟಿಲೇಟೆಡ್ ಡಿಸ್ಕೇ ನಮಗೆ ಸಾಕು.

ದೊಡ್ಡ ಕಿಟ್ ಹಾಕಲೇಬೇಕು ಅನ್ನುವವರಿಗೆ: ಅದೇ ಮಾದರಿಯ ಹೆಚ್ಚು ಶಕ್ತಿಯ ಗಾಡಿಗೆ ಕಂಪನಿಯೇ ಕೊಟ್ಟಿರುವ ಬ್ರೇಕು ಹೊಂದುತ್ತಾ ಮೊದಲು ನೋಡಿ. ಪಿಸ್ಟನ್ ಗಾತ್ರ ಬದಲಾದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬ್ರೇಕಿನ ಹಂಚಿಕೆ ಬದಲಾಗುತ್ತೆ, ಪೆಡಲ್ ಆಳಕ್ಕೆ ಹೋಗಬಹುದು, ಎಬಿಎಸ್ ಲೆಕ್ಕವೂ ತಪ್ಪಬಹುದು. ಚಕ್ರದೊಳಗೆ ಜಾಗ ಇದೆಯಾ ಅಂತ ಕಾಗದದ ಅಚ್ಚು ಕತ್ತರಿಸಿ ಇಟ್ಟು ನೋಡಿ.

ಮಳೆಗಾಲದ ಆರೈಕೆ

ಮಳೆ ಶುರುವಾಗುವ ಮೊದಲು, ಮೇ ಕೊನೆಯಲ್ಲಿ, ಸ್ಲೈಡ್ ಪಿನ್ನು ಮತ್ತು ಪ್ಯಾಡು ಕೂರುವ ಕ್ಲಿಪ್ಪು ಸ್ವಚ್ಛ ಮಾಡಿಸಿ. ಹಿಂದೆ ಡ್ರಮ್ ಇರುವ ಗಾಡಿಯಾದರೆ, ವರ್ಟಸ್, ಸ್ಲಾವಿಯಾದಂಥ ಚುರುಕು ಗಾಡಿಗೂ ಹಿಂದೆ ಡ್ರಮ್ಮೇ ಕೊಟ್ಟಿದ್ದರು, ಅದನ್ನೂ ಬಿಚ್ಚಿ ಕೆಸರು ತೆಗೆಸಿ. ಗಾಡಿ ದಿನಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಪ್ಯಾಡು ಡಿಸ್ಕಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತೆ. ಬೆಳಿಗ್ಗೆ ಹೊರಟಾಗ, ಹೊಳೆ ನೀರು ದಾಟಿದಾಗ, ಗಾಡಿ ತೊಳೆದಾಗ, ಮೊದಲ ಕೆಲವು ಮೀಟರ್ ಬ್ರೇಕನ್ನು ಹಗುರಾಗಿ ಮುಟ್ಟಿ ಡಿಸ್ಕ್ ಒಣಗಿಸಿ. ಘಾಟಿ ಇಳಿದ ಕೂಡಲೇ ಮಾತ್ರ ಚಕ್ರಕ್ಕೆ ನೀರು ಹಾಕಬೇಡಿ.

ಎಲೆಕ್ಟ್ರಿಕ್ ಗಾಡಿಯವರಿಗೆ ಒಂದು ಮಾತು. ಮಡಿಕೇರಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿ ಇಳಿಜಾರಿನ ಶಕ್ತಿಯನ್ನು ವಾಪಸ್ ತೆಗೆದುಕೊಳ್ಳಲ್ಲ, ಭಾರವೆಲ್ಲ ಡಿಸ್ಕಿನ ಮೇಲೆ ಬೀಳುತ್ತೆ.

ಇಳಿಯುವಾಗ

ಆಟೋಮ್ಯಾಟಿಕ್ ಗಾಡಿಯನ್ನು ಡಿಯಲ್ಲಿ ಬಿಟ್ಟರೆ ಬಹಳ ಸಲ ಅದು ಮೇಲಿನ ಗೇರಿಗೆ ಹೋಗಿ ಕೂರುತ್ತೆ, ಎಂಜಿನ್ ಹಿಡಿತ ಸಿಗಲ್ಲ. ಮ್ಯಾನುವಲ್ ಮೋಡಿಗೆ ಹಾಕಿ ಎರಡು ಅಥವಾ ಮೂರರಲ್ಲಿ ಹಿಡಿದುಕೊಳ್ಳಿ. ಮದೆನಾಡು ದಾಟಿ ಜೋಡುಪಾಲದ ಕಡೆ ಇಳಿಯುವಾಗ, ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಹೋಗುವಾಗ, ಬ್ರೇಕ್ ಮೇಲೆ ಸದಾ ಕಾಲಿಟ್ಟು ಎಳೆದುಕೊಂಡು ಹೋಗಬೇಡಿ. ಗಟ್ಟಿಯಾಗಿ ಒಮ್ಮೆ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ಡಿಸ್ಕಿಗೆ ಗಾಳಿ ಸಿಗಲಿ.

ಎರಡು ರೀತಿಯ ಸೋಲು ಇದೆ, ಕಾಲಿಗೆ ಬೇರೆ ಬೇರೆಯಾಗಿ ಗೊತ್ತಾಗುತ್ತೆ. ಪೆಡಲ್ ಗಟ್ಟಿ ಇದೆ, ಎಷ್ಟು ಒತ್ತಿದರೂ ಗಾಡಿ ನಿಧಾನ ಆಗ್ತಿಲ್ಲ, ಸುಟ್ಟ ವಾಸನೆ: ಪ್ಯಾಡ್ ಸೋತಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದೆ: ಆಯಿಲ್ ಕುದ್ದಿದೆ. ಎರಡರಲ್ಲೂ ತಕ್ಷಣ ಗೇರ್ ಇಳಿಸಿ. ಮೆತ್ತಗಾಗಿದ್ದರೆ ಪೆಡಲನ್ನು ಬೇಗ ಬೇಗ ಒತ್ತಿ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಸ್ವಿಚ್ಚನ್ನು ಎಳೆದು ಹಿಡಿದುಕೊಂಡರೆ ಬಹಳಷ್ಟು ಗಾಡಿ ತಾನೇ ಹದವಾಗಿ ನಿಲ್ಲುತ್ತೆ. ಕೈಯಿಂದ ಎಳೆಯೋ ಹ್ಯಾಂಡ್‌ಬ್ರೇಕ್ ಆದರೆ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ನಿಂತ ಮೇಲೆ ಅರ್ಧ ಗಂಟೆಯಾದರೂ ಕಾಯಿರಿ. ಆಯಿಲ್ ಒಮ್ಮೆ ಕುದ್ದಿದ್ದರೆ, ತಣ್ಣಗಾದಾಗ ಪೆಡಲ್ ಸರಿ ಅನಿಸಿದರೂ, ಪೂರ್ತಿ ಬದಲಾಯಿಸದೆ ಮತ್ತೆ ಘಾಟಿಗೆ ಹೋಗಬೇಡಿ.

ಕೆಳಗೆ ಸಂಪಾಜೆಯಲ್ಲಿ ಚಹಾಕ್ಕೆ ನಿಲ್ಲಿಸುವ ಮೊದಲು ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಬಿಸಿ ಡಿಸ್ಕನ್ನು ಪ್ಯಾಡಿನಲ್ಲಿ ಹಿಚುಕಿ ನಿಲ್ಲಿಸಿದರೆ ಮೇಲೆ ಹೇಳಿದ ನಡುಕ ಶುರುವಾಗೋದು ಅಲ್ಲಿಂದಲೇ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ಕಂಪನಿ ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಅದೇ ದರ್ಜೆಯ ಆಯಿಲ್, ಅದೇ ಅಳತೆಯ ಪ್ಯಾಡು, ಡಿಸ್ಕು ಹಾಕೋದು ಸಾಮಾನ್ಯ ರಿಪೇರಿಯ ಸಾಲಿಗೆ ಬರುತ್ತೆ. ದೊಡ್ಡ ಕ್ಯಾಲಿಪರ್ ಕಿಟ್ಟು ಹಾಗಲ್ಲ. ವಾರಂಟಿಯಲ್ಲೂ ವಿಮೆಯಲ್ಲೂ ತಕರಾರು ಬರಬಹುದು, ಹಾಕುವ ಮೊದಲು ವಿಮೆಯವರಿಗೆ ಬರೆದು ತಿಳಿಸಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ಬಿಲ್ಲುಗಳನ್ನು ಒಂದು ಕವರಿನಲ್ಲಿ ಇಡಿ. ಬಿಚ್ಚಿದ ಕಂಪನಿ ಕ್ಯಾಲಿಪರು, ಡಿಸ್ಕುಗಳಿಗೆ ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಹಾಕಿಡಿ. ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳೋದೇ ಅದನ್ನು.